ಸ್ಟೀಮ್ ಡೆಕ್ ಅನ್ನೇ ಸಿಡಿ ಡ್ರೈವ್ ಮಾಡಿಕೊಂಡು ಇನ್ನೊಂದು ಪಿಸಿ ಬೂಟ್ ಮಾಡಬಹುದೇ?

ನಿಮ್ಮ ಪ್ರಶ್ನೆ ಇಷ್ಟು: ಪೆನ್‌ಡ್ರೈವ್ ಇಲ್ಲ, ಡಿವಿಡಿ ಡ್ರೈವ್ ಇಲ್ಲ, ಕೈಯಲ್ಲಿರುವುದು ಸ್ಟೀಮ್ ಡೆಕ್ (ಲಿನಕ್ಸ್ ಮೇಲೆ ಓಡುವ, ಕೈಯಲ್ಲಿ ಹಿಡಿಯುವ ಗೇಮಿಂಗ್ ಪಿಸಿ) ಒಂದೇ. ಅದರಲ್ಲಿ ಇಳಿಸಿಟ್ಟ ಐಎಸ್‌ಒ ಫೈಲಿನಿಂದಲೇ (ಇಡೀ ಸಿಡಿಯ ಪ್ರತಿಯಾದ ಒಂದು ಫೈಲ್) ಪಕ್ಕದ ಪಿಸಿಗೆ ಓಎಸ್ ಹಾಕಬಹುದೇ? ಕೇಬಲ್ ಚುಚ್ಚಿದರೆ ಡೆಕ್ ಚಾರ್ಜ್ ಆಗುತ್ತದೆಯೇ ಹೊರತು ಪಿಸಿಯಲ್ಲಿ ಏನೂ ಕಾಣುತ್ತಿಲ್ಲವಲ್ಲ, ಏಕೆ?

ಹಾಕಬಹುದು. ಬೇಕಾದ ಸರಕೆಲ್ಲ ಡೆಕ್‌ನ ಲಿನಕ್ಸ್ ಕರ್ನಲ್ (ಓಎಸ್‌ನ ತಿರುಳು) ಒಳಗೇ ಇದೆ. ಈಗ ಏನೂ ಕಾಣದಿರುವುದಕ್ಕೆ ಕಾರಣ ಸರಳ. ಯುಎಸ್‌ಬಿಯಲ್ಲಿ ಒಂದು ತುದಿ ಯಜಮಾನ, ಇನ್ನೊಂದು ತುದಿ ಸಾಧನ. ಡೆಕ್‌ನ ಸಿ ಪೋರ್ಟ್ ಕಾರ್ಖಾನೆಯಿಂದ ಬರುವಾಗ ಯಜಮಾನನ ಪಾತ್ರಕ್ಕೆ ಮಾತ್ರ ಹೊಂದಿಸಿರುತ್ತದೆ. ಪಿಸಿಯೂ ಯಜಮಾನನೇ. ಇಬ್ಬರು ಯಜಮಾನರನ್ನು ತಂತಿ ಕಟ್ಟಿ ಕೂರಿಸಿದರೆ ಮಾತುಕತೆ ಶುರುವಾಗುವುದೇ ಇಲ್ಲ.

ಮೊದಲು ಡೆಕ್‌ನ ಬಯೋಸ್ (ಓಎಸ್‌ಗಿಂತ ಮುಂಚೆ ತೆರೆಯುವ ಸೆಟ್ಟಿಂಗ್ ಪರದೆ). ಪೂರ್ತಿ ಆಫ್ ಮಾಡಿ, ವಾಲ್ಯೂಮ್ ಹೆಚ್ಚಿಸುವ ಬಟನ್ ಒತ್ತಿಹಿಡಿದು ಪವರ್ ಒತ್ತಿ. ಸೆಟಪ್ ಯುಟಿಲಿಟಿ, ಅಡ್ವಾನ್ಸ್ಡ್, ಯುಎಸ್‌ಬಿ ಕಾನ್ಫಿಗರೇಶನ್, ಅದರೊಳಗೆ ‘ಯುಎಸ್‌ಬಿ ಡ್ಯುಯಲ್ ರೋಲ್ ಡಿವೈಸ್’. ಅದನ್ನು ‘ಎಕ್ಸ್‌ಎಚ್‌ಸಿಐ’ಯಿಂದ (ಯಜಮಾನ ಮಾತ್ರ) ‘ಡಿಆರ್‌ಡಿ’ಗೆ (ಎರಡೂ ಪಾತ್ರ) ಬದಲಿಸಿ, ಸೇವ್ ಮಾಡಿ ಹೊರಬನ್ನಿ. ಡೆಸ್ಕ್‌ಟಾಪ್ ಮೋಡ್‌ಗೆ ಹೋಗಿ ಕಾನ್ಸೋಲ್ ತೆರೆದು /ಸಿಸ್/ಕ್ಲಾಸ್/ಯುಡಿಸಿ ಫೋಲ್ಡರ್ ನೋಡಿ. ಡೆಕ್ ಸಾಧನವಾಗಬಲ್ಲದು ಎಂದು ಸೂಚಿಸುವ, ಡಿಡಬ್ಲ್ಯೂಸಿ3 ಎಂದು ಶುರುವಾಗುವ ಹೆಸರೊಂದು ಅಲ್ಲಿರಬೇಕು. ಫೋಲ್ಡರ್ ಖಾಲಿ ಇದ್ದರೆ ಬಯೋಸ್ ಬದಲಾವಣೆ ಉಳಿದಿಲ್ಲ ಎಂದರ್ಥ. ಮುಂದೆ ಹೋಗಿ ಪ್ರಯೋಜನವಿಲ್ಲ, ವಾಪಸ್ ಹೋಗಿ ನೋಡಿ. (ಆಜ್ಞೆ, ಫೈಲ್ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್‌ನಲ್ಲೇ ಟೈಪ್ ಮಾಡಿ. ಬಹುತೇಕ ಎಲ್ಲವೂ ಸಣ್ಣಕ್ಷರ, ದೊಡ್ಡಕ್ಷರ ಎಲ್ಲಿ ಬೇಕೋ ಅಲ್ಲಿ ಹೇಳುತ್ತೇನೆ.)

ಕೇಬಲ್ ವಿಷಯದಲ್ಲಿ ಜಿಪುಣತನ ಬೇಡ. ಪಿಸಿ ಕಡೆ ದೊಡ್ಡ ಎ ತುದಿ, ಡೆಕ್ ಕಡೆ ಸಿ ತುದಿ ಇರುವ ಡೇಟಾ ಕೇಬಲ್ ಬಳಸಿ. ಎ ತುದಿ ಇದ್ದರೆ ಪಿಸಿ ಯಜಮಾನ ಎಂಬುದು ತಂತಿಯಲ್ಲೇ ನಿರ್ಧಾರವಾಗಿಬಿಡುತ್ತದೆ. ಎರಡೂ ತುದಿ ಸಿ ಇದ್ದರೆ ಯಾರು ಯಾರಿಗೆ ಕರೆಂಟ್ ಕೊಡಬೇಕು, ಯಾರು ಸಾಧನ ಎಂಬ ಚೌಕಾಸಿ ನಡೆಯುತ್ತದೆ, ಅದು ಕೆಲವೊಮ್ಮೆ ತಿರುಗಾಮುರುಗಾ ಆಗುತ್ತದೆ. ಅಗ್ಗದ ಪವರ್‌ಬ್ಯಾಂಕ್ ಜೊತೆ ಬರುವ ಗಿಡ್ಡ ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರದಿರಬಹುದು. ನಡುವೆ ಹಬ್, ಡಾಕ್ ಏನೂ ಬೇಡ. ಡೆಕ್‌ಗೆ ಇರುವುದು ಒಂದೇ ಪೋರ್ಟ್, ಅದು ಪಿಸಿಗೆ ಹೋಯಿತು. ಪಿಸಿಯ ಎ ಪೋರ್ಟಿನಿಂದ ಬರುವ ಕರೆಂಟ್ ಡೆಕ್‌ನ ಹೊಟ್ಟೆಗೆ ಸಾಲದು, ಹಾಗಾಗಿ ಬ್ಯಾಟರಿ ಅರ್ಧಕ್ಕಿಂತ ಹೆಚ್ಚಿರುವಾಗ ಶುರುಮಾಡಿ.

ಇನ್ನು ನಿಜವಾದ ತೀರ್ಮಾನಕ್ಕೆ ಬರೋಣ. ಡೆಕ್ ಪಿಸಿಗೆ ಸಿಡಿ ಡ್ರೈವ್ ಆಗಿ ಕಾಣಬೇಕೋ, ಪೆನ್‌ಡ್ರೈವ್ ಆಗಿ ಕಾಣಬೇಕೋ? ಇದನ್ನು ತೀರ್ಮಾನಿಸುವುದು ನೀವಲ್ಲ, ನಿಮ್ಮ ಐಎಸ್‌ಒ. ಬಹಳ ಜನ ಎಡವುವುದು ಇಲ್ಲೇ.

ಕರ್ನಲ್‌ನ ಸಿಡಿ ನಟನೆಗೆ ಒಂದು ಹಳೇ ಮಿತಿ ಇದೆ. ಸಿಡಿಯಲ್ಲಿ ಜಾಗವನ್ನು ಹಾಡಿನ ಲೆಕ್ಕದಲ್ಲಿ ಗುರುತಿಸುತ್ತಾರೆ: ನಿಮಿಷ, ಸೆಕೆಂಡು, ಸೆಕೆಂಡಿಗೆ 75 ಫ್ರೇಮ್. ನಿಮಿಷಕ್ಕೆ ಒಂದೇ ಬೈಟ್, ಅಂದರೆ 256 ನಿಮಿಷಕ್ಕಿಂತ ಮುಂದೆ ಎಣಿಸಲು ಆಗದು. 256 × 60 × 75 ಅಂದರೆ 11,52,000 ಸೆಕ್ಟರ್, ಅದರಲ್ಲಿ ಒಂದು ಕಡಿಮೆ. ಒಂದೊಂದು ಸೆಕ್ಟರ್ 2048 ಬೈಟ್. ಒಟ್ಟು ಸುಮಾರು 2.36 ಜಿಬಿ. ಫೈಲ್ ಇದಕ್ಕಿಂತ ದೊಡ್ಡದಾದರೆ ಡ್ರೈವರ್ ಬೇಡ ಅನ್ನುವುದಿಲ್ಲ, ಸದ್ದಿಲ್ಲದೆ ಬಾಲ ಕತ್ತರಿಸಿ ಉಳಿದದ್ದನ್ನು ಬಡಿಸುತ್ತದೆ. ಬೂಟ್ ಮೆನು ಬರುತ್ತದೆ, ಕರ್ನಲ್ ಲೋಡ್ ಆಗುತ್ತದೆ, ಆಮೇಲೆ ಸ್ಕ್ವಾಶ್‌ಎಫ್‌ಎಸ್ (ಐಎಸ್‌ಒ ಒಳಗೆ ಕುಗ್ಗಿಸಿಟ್ಟ ಫೈಲ್‌ಸಿಸ್ಟಮ್) ದೋಷ ಎಂದು ನಿಂತುಬಿಡುತ್ತದೆ. ಡೌನ್‌ಲೋಡ್ ಕೆಟ್ಟಿದೆ ಎಂದುಕೊಂಡು ಮತ್ತೆ ಮತ್ತೆ ಇಳಿಸಿದರೆ ಡೇಟಾ ಪ್ಯಾಕ್ ಖರ್ಚಾಗುತ್ತದೆ ಅಷ್ಟೇ. ನಿಮ್ಮ ಕರ್ನಲ್‌ನಲ್ಲಿ ಈ ಮಿತಿ ಇದೆಯೇ ಎಂದು ತಿಳಿಯಲು ಐಎಸ್‌ಒ ಹಾಕಿದ ಕೂಡಲೇ ‘ಡಿಮೆಸ್ಗ್’ (ಕರ್ನಲ್‌ನ ಸಂದೇಶಗಳನ್ನು ತೋರಿಸುವ ಆಜ್ಞೆ) ಕೊಟ್ಟು ನೋಡಿ. ‘ಫೈಲ್ ಟೂ ಬಿಗ್’, ಕೆಳಗೆ 1151999 ಬ್ಲಾಕ್ ಎಂದಿದ್ದರೆ ಕತ್ತರಿ ಬಿದ್ದಿದೆ.

ಹಾಗಾಗಿ ಡೆಬಿಯನ್ ನೆಟ್‌ಇನ್‌ಸ್ಟ್, ಜಿಪಾರ್ಟೆಡ್ ಲೈವ್‌ನಂಥ ಚಿಕ್ಕ ಐಎಸ್‌ಒಗಳಿಗೆ ಸಿಡಿ ವೇಷ ಚೆನ್ನಾಗಿ ಒಪ್ಪುತ್ತದೆ. ಉಬುಂಟು ಡೆಸ್ಕ್‌ಟಾಪ್‌ನಂಥ ದೊಡ್ಡ ಲಿನಕ್ಸ್ ಐಎಸ್‌ಒ ಆದರೆ ಪೆನ್‌ಡ್ರೈವ್ ವೇಷ ಹಾಕಿ. ಹೆಚ್ಚಿನ ಡಿಸ್ಟ್ರೋಗಳ (ಲಿನಕ್ಸ್ ಬಗೆಗಳ) ಐಎಸ್‌ಒ ಹೈಬ್ರಿಡ್ ಆಗಿರುತ್ತದೆ, ಅದರ ಮೊದಲ ಸೆಕ್ಟರುಗಳಲ್ಲೇ ಪಾರ್ಟಿಶನ್ ಟೇಬಲ್ ಇರುವುದರಿಂದ ಡಿಸ್ಕ್ ಆಗಿಯೂ ಬೂಟ್ ಆಗುತ್ತದೆ. ವಿಂಡೋಸ್ ಐಎಸ್‌ಒ ಮಾತ್ರ ಎರಡಕ್ಕೂ ಒಗ್ಗದು: ಸಿಡಿ ಮಾಡಲು ಗಾತ್ರ ಬಿಡುವುದಿಲ್ಲ, ಡಿಸ್ಕ್ ಮಾಡಲು ಪಾರ್ಟಿಶನ್ ಟೇಬಲ್ ಇಲ್ಲ. ಅದಕ್ಕೆ ಬೇರೆ ದಾರಿ ಕೊನೆಯಲ್ಲಿ ಹೇಳುತ್ತೇನೆ.

ಈಗ ಜೋಡಣೆ. ಡೆಕ್‌ನಲ್ಲಿ ಪಾಸ್‌ವರ್ಡ್ ಇನ್ನೂ ಇಟ್ಟಿಲ್ಲದಿದ್ದರೆ ‘ಪಾಸ್‌ಡಬ್ಲ್ಯೂಡಿ’ ಕೊಟ್ಟು ಇಡಿ. ನಂತರ ‘ಸುಡೊ ಸು’ ಕೊಟ್ಟು ರೂಟ್ (ಪೂರ್ಣ ಅಧಿಕಾರವಿರುವ ಬಳಕೆದಾರ) ಆಗಿ. ಮುಂದೆ ಫೈಲಿಗೆ ‘ಬರೆಯಿರಿ’ ಎಂದಲ್ಲೆಲ್ಲ ‘ಎಕೊ’ ಆಜ್ಞೆ ಮತ್ತು ಬಾಣದ ಗುರುತು (>) ಬಳಸಿ. ಪ್ರತಿ ಸಾಲಿಗೆ ಸುಡೊ ಸೇರಿಸಿ ‘ಎಕೊ’ ಮಾಡಿದರೆ ಪರ್ಮಿಶನ್ ಡಿನೈಡ್ ಬರುತ್ತದೆ, ಏಕೆಂದರೆ ಸುಡೊ ಅಧಿಕಾರ ಎಕೊಗೆ ಸಿಗುತ್ತದೆ, ಬಾಣದ ಗುರುತಿನಾಚೆಯ ಫೈಲ್ ತೆರೆಯುವ ಶೆಲ್‌ಗೆ ಸಿಗುವುದಿಲ್ಲ.

‘ಮಾಡ್‌ಪ್ರೋಬ್ ಲಿಬ್‌ಕಾಂಪೊಸಿಟ್’ ಕೊಡಿ. /ಸಿಸ್/ಕರ್ನಲ್/ಕಾನ್ಫಿಗ್/ಯುಎಸ್‌ಬಿ_ಗ್ಯಾಜೆಟ್ ಒಳಗೆ ಜಿ1 ಎಂಬ ಫೋಲ್ಡರ್ ಮಾಡಿ ಒಳಗೆ ಹೋಗಿ. ಮಾಡಿದ ಕ್ಷಣವೇ ಅದರಲ್ಲಿ ಫೈಲುಗಳು ತಾವಾಗಿ ಹುಟ್ಟಿರುತ್ತವೆ, ಅದು ಕಾನ್ಫಿಗ್‌ಎಫ್‌ಎಸ್‌ನ (ಫೋಲ್ಡರ್, ಫೈಲ್ ರೂಪದಲ್ಲಿ ಕರ್ನಲ್‌ಗೆ ಸೆಟ್ಟಿಂಗ್ ಕೊಡುವ ವ್ಯವಸ್ಥೆ) ಸ್ವಭಾವ. ‘ಐಡಿವೆಂಡರ್’ (ವಿ ದೊಡ್ಡಕ್ಷರ) ಫೈಲಿಗೆ 0ಎಕ್ಸ್1ಡಿ6ಬಿ, ‘ಐಡಿಪ್ರಾಡಕ್ಟ್’ (ಪಿ ದೊಡ್ಡಕ್ಷರ) ಫೈಲಿಗೆ 0ಎಕ್ಸ್0104 ಬರೆಯಿರಿ. ಸ್ಟ್ರಿಂಗ್ಸ್/0ಎಕ್ಸ್409 ಫೋಲ್ಡರ್ ಮಾಡಿ, ಅದರ ‘ಸೀರಿಯಲ್‌ನಂಬರ್’ ಫೈಲಿಗೆ ಯಾವುದಾದರೂ ಹನ್ನೆರಡು ಅಂಕಿ ಹಾಕಿ. ಕಾನ್ಫಿಗ್ಸ್/ಸಿ.1 ಮತ್ತು ಫಂಕ್ಷನ್ಸ್/ಮಾಸ್_ಸ್ಟೋರೇಜ್.0 ಎಂಬ ಇನ್ನೆರಡು ಫೋಲ್ಡರ್ ಮಾಡಿ. ಈ ಎರಡನೆಯದರ ಒಳಗೆ ಲನ್.0 ತಾನಾಗಿ ಬಂದಿರುತ್ತದೆ. ಅದೇ ನಮ್ಮ ಡ್ರೈವ್‌ನ ಟ್ರೇ.

ಲನ್.0 ಒಳಗೆ ಕ್ರಮ ತಪ್ಪಬಾರದು. ಮೊದಲು ‘ರಿಮೂವಬಲ್’ಗೆ 1. ಆಮೇಲೆ ‘ಸಿಡಿರಾಮ್’ಗೆ ಸಿಡಿ ಆದರೆ 1, ಪೆನ್‌ಡ್ರೈವ್ ಆದರೆ 0. ಆಮೇಲೆ ‘ಆರ್‌ಒ’ಗೆ 1. ಕಡೆಗೆ ‘ಫೈಲ್’ಗೆ ಐಎಸ್‌ಒದ ಪೂರ್ಣ ದಾರಿ. ಫೈಲನ್ನು ಮೊದಲೇ ಕೊಟ್ಟು ಆಮೇಲೆ ಸಿಡಿರಾಮ್ ಬದಲಿಸಲು ಹೋದರೆ ‘ಡಿವೈಸ್ ಆರ್ ರಿಸೋರ್ಸ್ ಬ್ಯುಸಿ’ ಎನ್ನುತ್ತದೆ. ಟ್ರೇಯಲ್ಲಿ ಡಿಸ್ಕ್ ಇಟ್ಟ ಮೇಲೆ ಡ್ರೈವ್‌ನ ಜಾತಿ ಬದಲಿಸಲಾಗದು.

ಬಳಿಕ ಜಿ1ಕ್ಕೆ ವಾಪಸ್ ಬಂದು ಮಾಸ್_ಸ್ಟೋರೇಜ್.0ಕ್ಕೆ ಕಾನ್ಫಿಗ್ಸ್/ಸಿ.1 ಒಳಗಿಂದ ‘ಎಲ್‌ಎನ್ -ಎಸ್’ ಕೊಂಡಿ ಹಾಕಿ. ಕೊನೆಗೆ ‘ಯುಡಿಸಿ’ ಫೈಲಿಗೆ (ಮೂರೂ ದೊಡ್ಡಕ್ಷರ) ಆಗ ನೋಡಿದ ಡಿಡಬ್ಲ್ಯೂಸಿ3 ಹೆಸರನ್ನು ಹಾಗೇ ಬರೆಯಿರಿ. ಪ್ರಾಣ ಬರುವುದು ಈ ಸಾಲಿನಲ್ಲೇ. ಕೇಬಲ್ ಚುಚ್ಚಿ, /ಸಿಸ್/ಕ್ಲಾಸ್/ಯುಡಿಸಿಯಲ್ಲಿ ಆ ಹೆಸರಿನ ಕೆಳಗಿರುವ ‘ಸ್ಟೇಟ್’ ಫೈಲ್ ಓದಿ. ‘ಕಾನ್ಫಿಗರ್ಡ್’ ಎಂದರೆ ಪಿಸಿ ನಿಮ್ಮನ್ನು ಒಪ್ಪಿಕೊಂಡಿದೆ. ‘ನಾಟ್ ಅಟ್ಯಾಚ್ಡ್’ ಎಂದರೆ ಕೇಬಲ್ ಅಥವಾ ಬಯೋಸ್ ಕಡೆ ಹುಡುಕಿ, ಐಎಸ್‌ಒ ಕಡೆಯಲ್ಲ. ಬಂದು ಬಂದು ಕಡಿದುಹೋಗುತ್ತಿದ್ದರೆ ಯುಡಿಸಿ ಬರೆಯುವ ಮೊದಲು ‘ಮ್ಯಾಕ್ಸ್_ಸ್ಪೀಡ್’ಗೆ ‘ಹೈ-ಸ್ಪೀಡ್’ ಬರೆಯಿರಿ. ಯುಎಸ್‌ಬಿ 2 ವೇಗಕ್ಕೆ ಇಳಿಯುತ್ತದೆ, ಇನ್‌ಸ್ಟಾಲ್‌ಗೆ ಅಷ್ಟು ಧಾರಾಳ ಸಾಕು.

ಪಿಸಿಯನ್ನು ಈಗ ಆನ್ ಮಾಡಿ ಬೂಟ್ ಮೆನು ಕೀ ಒತ್ತಿ. ಡೆಲ್, ಲೆನೊವೊಗೆ ಎಫ್12, ಎಚ್‌ಪಿಗೆ ಎಫ್9, ಎಂಎಸ್‌ಐಗೆ ಎಫ್11 ಸಾಮಾನ್ಯ. ಪಟ್ಟಿಯಲ್ಲಿ ಸ್ಟೀಮ್ ಡೆಕ್ ಎಂಬ ಹೆಸರನ್ನು ಹುಡುಕಬೇಡಿ, ಸಿಗುವುದಿಲ್ಲ. ಸಿಡಿ ವೇಷದಲ್ಲಿ ಅದು ‘ಲಿನಕ್ಸ್ ಫೈಲ್-ಸಿಡಿ ಗ್ಯಾಜೆಟ್’, ಪೆನ್‌ಡ್ರೈವ್ ವೇಷದಲ್ಲಿ ‘ಲಿನಕ್ಸ್ ಫೈಲ್-ಸ್ಟೋರ್ ಗ್ಯಾಜೆಟ್’. ಕೆಲವು ಹಳೇ ಮದರ್‌ಬೋರ್ಡ್‌ಗಳು ಯುಎಸ್‌ಬಿ ಸಿಡಿಯನ್ನು ಪಟ್ಟಿಗೇ ಸೇರಿಸುವುದಿಲ್ಲ. ಹೈಬ್ರಿಡ್ ಐಎಸ್‌ಒ ಇದ್ದರೆ ಸಿಡಿರಾಮ್ 0 ಮಾಡಿ ನೋಡಿ. ಸೆಕ್ಯೂರ್ ಬೂಟ್ (ಸಹಿ ಇರುವ ಬೂಟ್‌ಲೋಡರ್‌ಗೆ ಮಾತ್ರ ಒಪ್ಪುವ ಪಿಸಿಯ ಭದ್ರತೆ) ತಕರಾರು ಬಂದರೆ ಅದು ಐಎಸ್‌ಒ ಒಳಗಿನ ಬೂಟ್‌ಲೋಡರ್‌ನ ಸಹಿಯ ಪ್ರಶ್ನೆ, ಅದರಲ್ಲಿ ಡೆಕ್‌ನ ಪಾತ್ರವಿಲ್ಲ.

ಡಿಸ್ಕ್ ಬದಲಿಸಬೇಕೆಂದರೆ ಮೊದಲಿನಿಂದ ಎಲ್ಲ ಮಾಡಬೇಕಿಲ್ಲ. ‘ಫೈಲ್’ಗೆ ಖಾಲಿ ಸಾಲು ಬರೆದರೆ ಎಜೆಕ್ಟ್, ಹೊಸ ದಾರಿ ಬರೆದರೆ ಇನ್ನೊಂದು ಡಿಸ್ಕ್. ಪಿಸಿ ಟ್ರೇಗೆ ಬೀಗ ಹಾಕಿದ್ದರೆ ಮತ್ತೆ ‘ಬ್ಯುಸಿ’ ಬರುತ್ತದೆ. ಆಗ ‘ಫೋರ್ಸ್ಡ್_ಎಜೆಕ್ಟ್’ಗೆ 1 ಬರೆಯಿರಿ. ನಿಜವಾದ ಡ್ರೈವ್‌ಗೆ ಪೇಪರ್ ಕ್ಲಿಪ್ ಚುಚ್ಚಿದ ಹಾಗೆ.

ಇನ್‌ಸ್ಟಾಲ್ ನಡುವೆ ಕೈಕೊಡುವುದು ಹೆಚ್ಚಾಗಿ ಸ್ಲೀಪ್. ಡೆಕ್ ಸುಮ್ಮನೆ ಬಿದ್ದಿದೆ ಎಂದುಕೊಂಡು ಸಸ್ಪೆಂಡ್ ಆದರೆ ಪಿಸಿಯ ಪಾಲಿಗೆ ಅದು ಓಡುತ್ತಿರುವಾಗಲೇ ಡ್ರೈವ್ ಕಿತ್ತುಕೊಂಡಂತೆ. ಡೆಸ್ಕ್‌ಟಾಪ್ ಮೋಡ್‌ನ ಪವರ್ ಸೆಟ್ಟಿಂಗ್‌ನಲ್ಲಿ, ಬ್ಯಾಟರಿ ಮೇಲಿದ್ದಾಗಿನ ಸಸ್ಪೆಂಡ್ ತೆಗೆದುಹಾಕಿ. ಪರದೆ ಕತ್ತಲಾದರೆ ತೊಂದರೆಯಿಲ್ಲ. ಇನ್ನೊಂದು, ರೀಬೂಟ್ ಆದರೆ ಕಾನ್ಫಿಗ್‌ಎಫ್‌ಎಸ್‌ನಲ್ಲಿ ಕಟ್ಟಿದ್ದೆಲ್ಲ ಮಾಯ. ಮೇಲಿನ ಸಾಲುಗಳನ್ನು ಒಂದು ಶೆಲ್ ಸ್ಕ್ರಿಪ್ಟ್‌ನಲ್ಲಿ ಹಾಕಿ ನಿಮ್ಮ ಹೋಮ್ ಫೋಲ್ಡರ್‌ನಲ್ಲೇ ಇಡಿ. ಡೆಕ್‌ನ ಓಎಸ್ ಆದ ಸ್ಟೀಮ್‌ಓಎಸ್‌ನ ರೂಟ್ ಪಾರ್ಟಿಶನ್ ಓದಲು ಮಾತ್ರ, ಅಲ್ಲಿ ಬಲವಂತವಾಗಿ ಸೇರಿಸಿದ್ದು ಅಪ್‌ಡೇಟ್ ಬಂದಾಗ ಉಳಿಯುವುದಿಲ್ಲ. ಬಿಚ್ಚುವಾಗ ಯುಡಿಸಿಗೆ ಖಾಲಿ ಬರೆದು, ಕೊಂಡಿ ತೆಗೆದು, ಫೋಲ್ಡರುಗಳನ್ನು ಮಾಡಿದ್ದಕ್ಕೆ ಹಿಮ್ಮುಖವಾಗಿ ‘ಆರ್‌ಎಂಡಿಐಆರ್’ ಮಾಡಿ. ‘ಆರ್‌ಎಂ -ಆರ್‌ಎಫ್’ ಅಲ್ಲಿ ನಡೆಯದು.

ಇನ್ನು ವಿಂಡೋಸ್. ಖಾಲಿ ಡಿಸ್ಕ್ ಇಮೇಜ್ ಒಂದನ್ನು ಮಾಡಿ ಅದರ ಮೇಲೆ ವೆಂಟಾಯ್ (ಕಾಪಿ ಮಾಡಿದ ಐಎಸ್‌ಒಗಳನ್ನು ಹಾಗೇ ಬೂಟ್ ಮಾಡಿಸುವ ಉಚಿತ ತಂತ್ರಾಂಶ) ಕೂರಿಸುವುದು ನನ್ನ ಪ್ರಕಾರ ಅತ್ಯಂತ ನೆಮ್ಮದಿಯ ದಾರಿ. ‘ಟ್ರಂಕೇಟ್’ ಆಜ್ಞೆಯಿಂದ 16 ಜಿಬಿ ಇಮೇಜ್ ಮಾಡಿ, ‘ಲೋಸೆಟಪ್ -ಎಫ್‌ಪಿ --ಶೋ’ (ಪಿ ದೊಡ್ಡಕ್ಷರ) ಕೊಟ್ಟರೆ ಅದು ಯಾವ ಲೂಪ್ ಸಾಧನವಾಯಿತು (ಡಿಸ್ಕ್‌ನಂತೆ ಕಾಣುವ ಫೈಲ್) ಎಂದು ತೋರಿಸುತ್ತದೆ. ವೆಂಟಾಯ್‌ನ ಲಿನಕ್ಸ್ ಸ್ಕ್ರಿಪ್ಟ್‌ಗೆ ಆ ಲೂಪ್ ಹೆಸರನ್ನೇ ಕೊಡಿ. ಇಲ್ಲಿ ಎಚ್ಚರ: ಅಭ್ಯಾಸಬಲದಿಂದ ಎನ್‌ವಿಎಂಇ ಹೆಸರು ಕೊಟ್ಟರೆ ಡೆಕ್‌ನ ಸ್ವಂತ ಡಿಸ್ಕ್ ಒರೆಸಿಹೋಗುತ್ತದೆ. ನಂತರ ಮೊದಲ ಪಾರ್ಟಿಶನ್ ಮೌಂಟ್ ಮಾಡಿ ವಿಂಡೋಸ್ ಐಎಸ್‌ಒ ಕಾಪಿ ಮಾಡಿ. 11ನೇ ಪೀಳಿಗೆ ಅಥವಾ ಅದಕ್ಕಿಂತ ಹೊಸ ಇಂಟೆಲ್ ಲ್ಯಾಪ್‌ಟಾಪ್ ಆದರೆ ವಿಎಂಡಿ (ಎಸ್‌ಎಸ್‌ಡಿಯನ್ನು ನಿಭಾಯಿಸುವ ಇಂಟೆಲ್ ವ್ಯವಸ್ಥೆ) ಡ್ರೈವರ್ ಫೋಲ್ಡರನ್ನೂ ಜೊತೆಗೇ ಹಾಕಿಡಿ. ಅದಿಲ್ಲದೆ ಕೆಲವು ಯಂತ್ರಗಳಲ್ಲಿ ವಿಂಡೋಸ್ ಸೆಟಪ್‌ಗೆ ಒಳಗಿನ ಎಸ್‌ಎಸ್‌ಡಿಯೇ ಕಾಣುವುದಿಲ್ಲ. ಅನ್‌ಮೌಂಟ್ ಮಾಡಿ, ‘ಲೋಸೆಟಪ್ -ಡಿ’ ಕೊಟ್ಟು ಲೂಪ್ ಬಿಡಿಸಿ, ಆಮೇಲಷ್ಟೇ ಇಮೇಜನ್ನು ಸಿಡಿರಾಮ್ 0, ಆರ್‌ಒ 0 ಇಟ್ಟು ಲನ್.0ಗೆ ಕೊಡಿ. ಡೆಕ್‌ನಲ್ಲೂ ಮೌಂಟ್ ಆಗಿದ್ದು ಪಿಸಿಗೂ ಬರೆಯಲು ಬಿಟ್ಟರೆ ಇಬ್ಬರೂ ಒಂದೇ ಪುಸ್ತಕದಲ್ಲಿ ಲೆಕ್ಕ ಬರೆದಂತಾಗಿ ಫೈಲ್‌ಸಿಸ್ಟಮ್ ಕೆಡುತ್ತದೆ. ಸೆಕ್ಯೂರ್ ಬೂಟ್ ಆನ್ ಇದ್ದರೆ ವೆಂಟಾಯ್ ಮೊದಲ ಸಲ ನೀಲಿ ಪರದೆಯಲ್ಲಿ ಕೀ ಸೇರಿಸಲು ಕೇಳುತ್ತದೆ, ಒಮ್ಮೆ ಸೇರಿಸಿದರೆ ಆ ಪಿಸಿಯಲ್ಲಿ ಮತ್ತೆ ಕೇಳುವುದಿಲ್ಲ. ಹೀಗೆ ಮಾಡಿಟ್ಟ ಇಮೇಜ್‌ಗೆ ಉಬುಂಟು, ಡೆಬಿಯನ್ ಯಾವುದನ್ನು ಬೇಕಾದರೂ ಆಮೇಲೆ ಸೇರಿಸಿಕೊಳ್ಳಬಹುದು, ಸಿಡಿಯ 2.36 ಜಿಬಿ ಲೆಕ್ಕ ಅದಕ್ಕೆ ತಾಗುವುದಿಲ್ಲ.