ಹತ್ತು ವರ್ಷ ಟೀಚರ್ ಆಗಿದ್ದವರಿಗೆ ಸಂಶೋಧನೆ ತಡವಾಯ್ತಾ?
ಹತ್ತು ವರ್ಷ ಒಂದನೇ ಕ್ಲಾಸಿಗೆ ಪಾಠ ಮಾಡಿದ ಮೇಲೆ, ಮಕ್ಕಳ ಓದಿನ ಬಗ್ಗೆ ಪಿಎಚ್.ಡಿ. ಮಾಡಲು ತಡವಾಯ್ತಾ ಅಂತ ಕೇಳಿದ್ದೀರಿ. ಖಂಡಿತ ಇಲ್ಲ ಮೇಡಂ. ನ್ಯೂಜಿಲೆಂಡಿನ ಮೇರಿ ಕ್ಲೇ ಅವರನ್ನೇ ನೋಡಿ. ಅವರೂ ಮೊದಲು ಶಾಲೆಯಲ್ಲಿ ಟೀಚರ್ ಆಗಿದ್ದವರೇ. 1966ರಲ್ಲಿ ಪಿಎಚ್.ಡಿ. ಮುಗಿಸಿದಾಗ ವಯಸ್ಸು ನಲವತ್ತರ ಆಸುಪಾಸು. ಅದಕ್ಕಾಗಿ, ಆಗಷ್ಟೇ ಶಾಲೆ ಸೇರಿದ 100 ಮಕ್ಕಳು ಓದುವುದನ್ನು ಒಂದು ವರ್ಷ, ವಾರ ವಾರವೂ ಗಮನಿಸಿದ್ದರು. ಅವರ ವಿಧಾನ ನನಗೆ ತುಂಬಾ ಇಷ್ಟ. ಮಗುವಿನ ಪಕ್ಕ ಕೂತು, ಸರಿಯಾಗಿ ಓದಿದ ಒಂದೊಂದು ಪದಕ್ಕೂ ಟಿಕ್ ಹಾಕುವುದು. ತಪ್ಪು ಓದಿದರೆ ಅದನ್ನು ಹಾಗೇ ಬರೆದುಕೊಳ್ಳುವುದು. ಮಗು ತಾನೇ ತಿದ್ದಿಕೊಂಡರೆ ಅದಕ್ಕೆ ಬೇರೆ ಗುರುತು. 1975ರಲ್ಲಿ ಆಕ್ಲೆಂಡ್ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪ್ರೊಫೆಸರ್ ಆದರು. ಓದಿನಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ಒಬ್ಬೊಬ್ಬರಿಗೇ ಪಾಠ ಮಾಡುವ ಅವರ ರೀಡಿಂಗ್ ರಿಕವರಿ ಕಾರ್ಯಕ್ರಮದಲ್ಲಿ ಅಕ್ಷರ, ಧ್ವನಿಗಳ ಪಾಠ ಸಾಲದು ಅನ್ನುವ ತಕರಾರೂ ಇದೆ, ಅದನ್ನೂ ಓದಿಕೊಳ್ಳಿ. ನಾಳೆಯಿಂದಲೇ ನಿಮ್ಮ ಕ್ಲಾಸಿನ ಒಂದು ಮಗುವಿನ ಓದನ್ನು ಹೀಗೆ ಬರೆದಿಡಿ. ಗೈಡ್ ಹತ್ತಿರ ಹೋಗುವಾಗ ಆ ನೋಟ್‌ಬುಕ್ ಕೈಯಲ್ಲಿರಲಿ.