ಥ್ಯಾಂಕ್ಸ್ ಹೇಳೋಕೆ ಮುಂಚೆ ಸ್ವಲ್ಪ ಜಗಳ ಆಡಿ

ತೀರ್ಥಹಳ್ಳಿ ಕಡೆಯಿಂದ ಪತ್ರ ಬರೆದಿರೋ ಅಮ್ಮನಿಗೆ ನಮಸ್ಕಾರ. ಹೆಸರು ಹಾಕ್ಬೇಡಿ ಅಂದಿದ್ದೀರ, ಹಾಕಲ್ಲ. ಉಳಿದ ಓದುಗರಿಗೆ ವಿಷಯ ಇಷ್ಟು: ಈ ಸಲ ಎರಡನೇ ಸಲ ಬೋರ್ಡೋ (ಕೊಳೆ ತಡೆಯೋ ತುತ್ತ-ಸುಣ್ಣದ ದ್ರಾವಣ) ಹೊಡೆಯೋಕೆ ಮಳೆ ಬಿಡ್ಲೇ ಇಲ್ಲ, ಕೊಳೆ ರೋಗ ಬಂದು ಇವರ ಅರ್ಧ ತೋಟದ ಅಡಿಕೆ ಉದುರಿ ಹೋಯ್ತು, ಚರ್ಚಲ್ಲಿ ಎಲ್ಲದಕ್ಕೂ ದೇವರಿಗೆ ಸ್ತೋತ್ರ ಹೇಳಿ ಸಂತೋಷ ತಾನಾಗೇ ಬರುತ್ತೆ ಅಂದ್ರಂತೆ, ಸರಿ ಅಂತ ದಿನಾ ರಾತ್ರಿ ನೋಟ್‌ಬುಕ್ಕಲ್ಲಿ ಐದು ಉಪಕಾರ ಬರೆದ್ರಂತೆ, ಮೂರು ವಾರ. "ಸಂತೋಷ ಬರ್ಲಿಲ್ಲ ಸಾರ್, ಸಿಟ್ಟು ಬಂತು, ನನ್ನ ವಿಶ್ವಾಸದಲ್ಲೇ ಏನೋ ಕೊರತೆ ಇದೆಯಾ" ಅಂತ ಕೇಳ್ತಿದ್ದಾರೆ.

ಇಲ್ಲ ಮಾರಾಯ್ರೆ. ಬೈಬಲ್ಲಲ್ಲಿ ಅಪೊಸ್ತಲ ಪೌಲ ಥೆಸಲೋನಿಕದವರಿಗೆ ಬರೆದಿದ್ದು "ಎಲ್ಲದರಲ್ಲಿಯೂ" ಸ್ತೋತ್ರ ಹೇಳಿ ಅಂತ. ಕೊಳೆ ಬಂದಾಗಲೂ ದೇವರ ಕಡೆ ಮುಖ ಇರಲಿ ಅಂದ್ರೇ ಹೊರತು ಕೊಳೆ ಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಅನ್ನಿ ಅಂದಿಲ್ಲ. ಎಫೆಸದವರಿಗೆ ಬರೆದ ಪತ್ರದಲ್ಲಿ ಎಲ್ಲಾದಕ್ಕೋಸ್ಕರ ಅಂತಾನೂ ಇದೆಯಲ್ಲ ಅಂತ ಯಾರಾದ್ರೂ ಕೇಳ್ಬಹುದು, ಇದೆ, ಆದ್ರೆ ಉದುರಿದ ಅಡಿಕೆ ಮೇಲೆ ನಿಂತಿರೋರ ಮುಂದೆ ಆ ವಚನ ಓದೋ ಧೈರ್ಯ ನನಗಿಲ್ಲ.

ನಾನಾದ್ರೆ ಹಳೇ ಒಡಂಬಡಿಕೆಯ ಪ್ರವಾದಿ ಹಬಕ್ಕೂಕನ ಪುಸ್ತಕ ತೆಗೀತೀನಿ. ಮೂರೇ ಅಧ್ಯಾಯ. ಅಂಜೂರ ಬಿಡದಿದ್ರೂ, ಹೊಲ ಬೆಳೆ ಕೊಡದಿದ್ರೂ, ಹಟ್ಟಿಲಿ ದನ ಇಲ್ಲದಿದ್ರೂ ನಾನು ಕರ್ತನಲ್ಲಿ ಉಲ್ಲಾಸಪಡ್ತೀನಿ ಅನ್ನೋ ಮಾತು ಕ್ಯಾಲೆಂಡರ್ ಮೇಲೆಲ್ಲ ಇರುತ್ತೆ, ಅದು ಮೂರನೇ ಅಧ್ಯಾಯದ ಕೊನೆ. ಮೊದಲನೇ ಅಧ್ಯಾಯದಲ್ಲಿ ಇದೇ ಮನುಷ್ಯ ನಾನು ಎಷ್ಟು ದಿನ ಕೂಗ್ಲಿ, ನೀನು ಕೇಳಲ್ವಲ್ಲ ಅಂತ ದೇವರ ಹತ್ರ ನೇರ ಜಗಳಕ್ಕೇ ನಿಂತಿದ್ದಾನೆ, ಅದನ್ನ ಯಾರೂ ಕ್ಯಾಲೆಂಡರಲ್ಲಿ ಹಾಕಲ್ಲ ಅಷ್ಟೆ. ನಿಮ್ಮನ್ನ ಸೀದಾ ಮೂರನೇ ಅಧ್ಯಾಯಕ್ಕೆ ಕೂರಿಸಿಬಿಟ್ಟಿದ್ದಾರೆ. ಮೊದಲನೇದನ್ನ ಮುಗಿಸ್ಕೊಂಡು ಬನ್ನಿ, ಅರ್ಜೆಂಟ್ ಎಂತದೂ ಇಲ್ಲ.

ನಮ್ಮನೇಲಿ ಸೆಪ್ಟೆಂಬರ್ 8ಕ್ಕೆ ಮಾತೆ ಮರಿಯಮ್ಮನ ಹುಟ್ಟುಹಬ್ಬ, ಅಂದ್ರೆ ತೆನೆ ಹಬ್ಬ. ಚರ್ಚಲ್ಲಿ ಆಶೀರ್ವಾದ ಮಾಡಿದ ತೆನೆ ತಂದು, ಅದರ ಕಾಳು ಸುಲಿದು ಪಾಯಸಕ್ಕೆ ಹಾಕಿ ಎಲ್ರೂ ಒಟ್ಟಿಗೆ ಕೂತು ತಿನ್ನೋದು. ಆದ್ರೆ ಘಟ್ಟದ ಮೇಲೆ ಆಗ ತೆನೆ ಎಲ್ಲಿಂದ ಬರ್ಬೇಕು, ನಮ್ಮ ಗದ್ದೆ ಇನ್ನೂ ಹಸಿರು ಹುಲ್ಲಿನ ಥರ ಇರುತ್ತೆ, ಹಾಗಾಗಿ ಘಟ್ಟದ ಕೆಳಗಿಂದ ತರಿಸ್ತಿದ್ವಿ. ಚಿಕ್ಕವನಿದ್ದಾಗ ನಾನು ಅಮ್ಮನ್ನ ಕೇಳಿದ್ದೆ, ಬೇರೆಯವರ ಭತ್ತಕ್ಕೆ ನಾವ್ಯಾಕೆ ಸ್ತೋತ್ರ ಹೇಳ್ಬೇಕು ಅಂತ. ಅಮ್ಮ ಪಾಯಸ ತಿರುಗಿಸ್ತಾ "ಅವರದ್ದಾದ್ರೂ ಬಂತಲ್ಲ" ಅಂದ್ಲು. ಆ ವರ್ಷ ನಮ್ಮ ಗದ್ದೆ ನೆರೆಲಿ ಹೋಗಿತ್ತು, ಅದು ನನಗೆ ಆಗ ತಲೆಗೆ ಹೋಗಿರ್ಲಿಲ್ಲ.

ನೋಟ್‌ಬುಕ್ ತಪ್ಪೇನಲ್ಲ. 2003ರಲ್ಲಿ ಎಮನ್ಸ್, ಮೆಕಲೋ ಅಂತ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ಕಾಲೇಜ್ ಹುಡುಗರಿಂದ ಹತ್ತು ವಾರ ಹೀಗೇ ಬರೆಸಿ ನೋಡಿದ್ರು, ಬರೆದವರಿಗೆ ಜೀವನದ ಬಗ್ಗೆ ಸಮಾಧಾನ ಜಾಸ್ತಿ ಇತ್ತು ಕೂಡ. ಆದ್ರೆ ಆ ಹತ್ತು ವಾರ ಬರೆಸಿದ್ದು ವಾರಕ್ಕೊಂದ್ಸಲ, ನೀವು ದಿನಾ ಹೋಮ್‌ವರ್ಕ್ ಮಾಡ್ತಿದ್ದೀರ.

ಇನ್ನೊಂದು. ನೋಟ್‌ಬುಕ್ಕಿಂದ ಒಂದು ಹಾಳೆ ಹರಿದು ಪತ್ರದ ಜೊತೆ ಇಟ್ಟಿದ್ದೀರಲ್ಲ, ಅದನ್ನ ನಾಲ್ಕು ಸಲ ಓದ್ದೆ. "ಕರೆಂಟ್ ಇತ್ತು. ಆರೋಗ್ಯ. ಊಟ. ರೋಡಿಗೆ ಮರ ಬಿದ್ದಿತ್ತು, ಪಕ್ಕದ ಮನೆ ಹುಡುಗ ನಡ್ಕೊಂಡೇ ಹೋಗಿ ಇವರ ಬಿಪಿ ಮಾತ್ರೆ ತಂದ. ಹಸು ಹಾಲು ಕೊಡ್ತು." ಆರೋಗ್ಯ, ಊಟ ಅನ್ನೋದೆಲ್ಲ ಲೆಕ್ಕ ತುಂಬಿಸೋಕೆ ಬರೆದಿದ್ದು ಅಂತ ಗೊತ್ತಾಗುತ್ತೆ ಬಿಡಿ, ಆದ್ರೆ ನಾಲ್ಕನೇ ಸಾಲಲ್ಲಿ ನಿಮ್ಮ ಅಕ್ಷರಾನೇ ಬದಲಾಗಿದೆ. ಲೂಕನ 17ನೇ ಅಧ್ಯಾಯದಲ್ಲಿ ಯೇಸುವಿಂದ ಹತ್ತು ಜನ ಕುಷ್ಠರೋಗಿಗಳು ವಾಸಿಯಾದ್ರಲ್ಲ, ಥ್ಯಾಂಕ್ಸ್ ಹೇಳೋಕೆ ವಾಪಸ್ ಬರದ ಆ ಒಂಬತ್ತು ಜನಕ್ಕೂ ಒಳಗೊಳಗೇ ಖುಷಿ ಆಗಿರುತ್ತೆ, ಮನೇಲಿ ಕೂತು ಹೇಳ್ಕೊಂಡೂ ಇರ್ತಾರೆ. ಹತ್ತನೇಯವನು ಬಂದ ದಾರೀಲೇ ವಾಪಸ್ ನಡೆದ, ಅದೂ ಅವನು ಯೆಹೂದ್ಯರು ಹೊರಗಿನವನು ಅಂತ ದೂರ ಇಡ್ತಿದ್ದ ಸಮಾರ್ಯದವನು.

ಆ ಹುಡುಗನಿಗೆ ಹೇಳಿದ್ರಾ?