600 ಲೈಕು, 1,700 ರೂಪಾಯಿ

(ಚಿತ್ರದುರ್ಗದ ಓದುಗರೊಬ್ಬರು ಬರೆದಿದ್ದಾರೆ: "ನಾವು ಕೆಲವರು ಸೇರಿ ಸಮುದಾಯ ಬಾನುಲಿ ನಡೆಸುತ್ತಿದ್ದೇವೆ. ಟ್ರಾನ್ಸ್‌ಮಿಟರ್ ಕೆಟ್ಟಿತು. ರಿಪೇರಿಗೆ ನೆರವು ಕೇಳಿ ಫೇಸ್‌ಬುಕ್‌ನಲ್ಲಿ ಪೋಸ್ಟರ್ ಹಾಕಿದೆವು. 600 ಲೈಕು ಬಂತು, ಕೈಗೆ ಬಂದದ್ದು 1,700 ರೂಪಾಯಿ. ನಮ್ಮ ಜನಕ್ಕೆ ಕೊಡುವ ಮನಸ್ಸೇ ಇಲ್ವಾ? ದುಡ್ಡು ಕಟ್ಟಿ ಪೋಸ್ಟ್ ಬೂಸ್ಟ್ ಮಾಡಿಸೋಣವೇ?")

ಪ್ರಿಯ ಓದುಗರೇ,

ಕೊಡುವ ಮನಸ್ಸಿಲ್ಲ ಅಂತ ಮಾತ್ರ ಅನ್ನಬೇಡಿ. 'ಮಾಡಿದಷ್ಟು ನೀಡು ಭಿಕ್ಷೆ' ಅಂದ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳ ಜಿಲ್ಲೆ ನಿಮ್ಮದು. ಇಲ್ಲಿ ದಾವಣಗೆರೆಯಲ್ಲೂ ದುಗ್ಗಮ್ಮನ ಜಾತ್ರೆ ಬಂತೆಂದರೆ ಪಟ್ಟಿ ಎತ್ತುವವರು ಬರಿಗೈಲಿ ಹೋಗುವುದಿಲ್ಲ.

ನಿಮ್ಮ ಪೋಸ್ಟರ್ ನೋಡಿದೆ. ಚೆನ್ನಾಗಿದೆ. 200 ರೂಪಾಯಿ ಹಾಕೋಣ ಅಂತ ಕ್ಯೂಆರ್ ಸ್ಕ್ಯಾನ್ ಮಾಡಿದೆ. ಪರದೆ ಮೇಲೆ ಸಂಸ್ಥೆಯ ಹೆಸರು ಬರಲಿಲ್ಲ, ಯಾರೋ ಒಬ್ಬರ ಸ್ವಂತ ಹೆಸರು ಬಂತು. ನಿಮ್ಮ ಖಜಾಂಚಿಯದ್ದೇ ಇರಬೇಕು, ಪಾಪ, ಒಳ್ಳೆಯವರೇ ಇರಬೇಕು. ಆದರೂ ಬೆರಳು ಅಲ್ಲೇ ನಿಂತಿತು. ಲೈಕ್ ಒತ್ತಿ ಹೊರಗೆ ಬಂದೆ. ಆ 600ರಲ್ಲಿ ನನ್ನದೂ ಒಂದು.

ಮೊದಲು ಸಂಸ್ಥೆಯ ಹೆಸರಲ್ಲೇ ಇರುವ ಖಾತೆಯ ಕ್ಯೂಆರ್ ಹಾಕಿ. ಪೋಸ್ಟರ್‌ನಲ್ಲಿ ಇನ್ನೊಂದು ಕೊರತೆಯೂ ಇದೆ. 'ಉದಾರವಾಗಿ ನೆರವಾಗಿ' ಅಂತಿದೆ, ಎಷ್ಟು ಬೇಕು ಅಂತಿಲ್ಲ. ರಿಪೇರಿಯವನು ಕೊಟ್ಟ ಎಸ್ಟಿಮೇಟ್ ಚೀಟಿಯ ಫೋಟೋ ತೆಗೆದು ಅದನ್ನೇ ಹಾಕಿ. ಜೊತೆಗೆ ಎರಡು ನಿಮಿಷದ ಧ್ವನಿ. ನಿಮ್ಮದು ಬಾನುಲಿ ಅಲ್ವಾ, ಸುಮ್ನೆ ಚಿತ್ರ ಯಾಕೆ? ನಿಮ್ಮ ಕಾರ್ಯಕ್ರಮದಲ್ಲಿ ಹಾಡಿದ ಅಜ್ಜಿಯನ್ನು ಒಪ್ಪಿಸಿ ಅವರ ಸೋಬಾನೆಯ ತುಣುಕು ಕೇಳಿಸಿ. ಆಮೇಲೆ 'ಈಗ ಈ ದನಿ ನಿಂತಿದೆ' ಅನ್ನಿ, ಸಾಕು.

ಬೂಸ್ಟ್, ಅಂದರೆ ದುಡ್ಡು ಕೊಟ್ಟು ಪೋಸ್ಟನ್ನು ಜಾಹೀರಾತಿನಂತೆ ಹೆಚ್ಚು ಜನಕ್ಕೆ ತೋರಿಸುವ ವಿಷಯಕ್ಕೆ ಬರೋಣ. ಸಮುದಾಯ ಬಾನುಲಿಯ ದನಿ ಕೇಳಿಸುವುದೇ ಹೆಚ್ಚೆಂದರೆ ಹತ್ತು ಹದಿನೈದು ಕಿಲೋಮೀಟರ್. ಆ ಜಾಹೀರಾತು ಕಲಬುರಗಿಯವರಿಗೆ ತಲುಪಿ ಏನಾಗಬೇಕು? ನಿಮಗೆ ಬೇಕಿರುವುದು ಕೇಳುವ ಜನ, ಮತ್ತೆ ಊರು ಬಿಟ್ಟು ಬೆಂಗಳೂರಿಗೆ ಹೋದ ಅವರ ಮಕ್ಕಳು. ಅವರೆಲ್ಲ ವಾಟ್ಸಾಪ್‌ನಲ್ಲಿದ್ದಾರೆ. ಆದರೆ ಒಂದು ಮಾತು. ಒಂದೇ ಸಲ ಹಲವರಿಗೆ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟ್‌ನಲ್ಲಿ ಕಳಿಸಿದ್ದು, ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಹೋಗುತ್ತದೆ. ಅದಕ್ಕೇ ದುಡ್ಡು ಕೇಳುವ ಮುಂಚೆ, ಕಾರ್ಯಕ್ರಮದ ಕೊನೆಯಲ್ಲಿ 'ನಮ್ಮ ನಂಬರ್ ಬರೆದುಕೊಳ್ಳಿ, ನಿಮ್ಮ ಹಾಡು ಕಳಿಸಿ' ಅಂತ ಹೇಳುವ ರೂಢಿ ಬೇಕಿತ್ತು. ಟ್ರಾನ್ಸ್‌ಮಿಟರ್ ಸರಿಯಾದ ದಿನದಿಂದಲೇ ಶುರುಮಾಡಿ.

ಕೇಳುಗರೇ ಸಾಕಿದ ರೇಡಿಯೊ ಹೊಸದೇನಲ್ಲ. ಅಮೆರಿಕದ ಬರ್ಕ್‌ಲಿಯಲ್ಲಿ ಕೆಪಿಎಫ್‌ಎ ಅನ್ನುವ ಕೇಂದ್ರ 1949ರಲ್ಲಿ ಹೀಗೇ ಶುರುವಾಯಿತು. ಮಾರನೇ ವರ್ಷವೇ ದುಡ್ಡಿಲ್ಲದೆ ನಿಂತಿತು. ಕೇಳುಗರು ಮತ್ತೆ ಕೈಹಿಡಿದರು, 1951ರಲ್ಲಿ ದನಿ ಬಂತು. ಇವತ್ತಿಗೂ ಅಲ್ಲಿನ ಸಾರ್ವಜನಿಕ ಕೇಂದ್ರಗಳು ಒಂದೇ ಸಲದ ದೊಡ್ಡ ದಾನಕ್ಕಿಂತ ತಿಂಗಳು ತಿಂಗಳು ತಪ್ಪದೆ ಬರುವ ಸಣ್ಣ ಮೊತ್ತವನ್ನೇ ಜಾಸ್ತಿ ನೆಚ್ಚುತ್ತವೆ. 2025ರಲ್ಲಿ ಅಲ್ಲಿನ ಸಂಸತ್ತು ಸಾರ್ವಜನಿಕ ಪ್ರಸಾರಕ್ಕೆ ಇಟ್ಟಿದ್ದ 110 ಕೋಟಿ ಡಾಲರ್ ವಾಪಸ್ ಪಡೆದಾಗ ಅವಕ್ಕೆ ಆಸರೆಯಾದವರಲ್ಲಿ ಇಂಥ ಕೇಳುಗರೂ ಇದ್ದರು. ನಮ್ಮಲ್ಲೂ, ಒಮ್ಮೆ ಒಪ್ಪಿದರೆ ತಿಂಗಳು ತಿಂಗಳು ತಾನೇ ದುಡ್ಡು ಹೋಗುವ ಯುಪಿಐ ಆಟೋಪೇ ಇದೆ. ತಿಂಗಳಿಗೆ 50 ರೂಪಾಯಿ ಅನ್ನಿ. ಎರಡು ಬೆಣ್ಣೆ ದೋಸೆಗೂ ಸಾಲದ ದುಡ್ಡು.

ಕೊಟ್ಟವರನ್ನು ಮರೆಯಬೇಡಿ. ಮದುವೆಮನೆಯಲ್ಲಿ ಮುಯ್ಯಿ ಬರೆಯುವವನು ಕೂತಿರುತ್ತಾನಲ್ಲ, ಉದ್ದ ನೋಟ್‌ಬುಕ್ಕು, ಕಿವಿಗೆ ಸಿಕ್ಕಿಸಿದ ಪೆನ್ನು. 101 ಕೊಟ್ಟರೂ ಹೆಸರು ಬರೆಯುತ್ತಾನೆ, ಊರು ಬರೆಯುತ್ತಾನೆ. ಆ ಪುಸ್ತಕ ಎಷ್ಟೋ ವರ್ಷ ಟ್ರಂಕಿನಲ್ಲಿ ಭದ್ರವಾಗಿರುತ್ತದೆ. ನಿಮ್ಮ ಫೇಸ್‌ಬುಕ್ ಪೇಜ್ ಆ ಪುಸ್ತಕ ಆಗಲಿ. ಕೇಳುವ ಪೋಸ್ಟ್ ಒಂದಾದರೆ ಲೆಕ್ಕದ ಪೋಸ್ಟ್ ಮೂರಿರಲಿ: ಇಷ್ಟು ಬಂತು, ಇಷ್ಟು ಖರ್ಚು, ಇದು ಬಿಲ್ಲು. ಆ 1,700 ಕೊಟ್ಟವರಿಗೆ ಒಂದು ಸಾಲಿನ ಥ್ಯಾಂಕ್ಸ್ ಹೋಯಿತಾ? ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ.

ರಸೀದಿ ಮಾತು ಬೇಗ ಮುಗಿಸುತ್ತೇನೆ. ಸಂಸ್ಥೆಗೆ 80ಜಿ ನೋಂದಣಿ, ಅಂದರೆ ದಾನ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುವ ನೋಂದಣಿ ಇದ್ದರೆ ಹೇಳಿ, ಆದರೆ ದೊಡ್ಡದಾಗಿ ಬೇಡ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಆ ರಿಯಾಯಿತಿ ಇಲ್ಲ, 2,000 ರೂಪಾಯಿ ಮೀರಿದ ನಗದಿಗೂ ಇಲ್ಲ. ವಿದೇಶಿ ಪೌರತ್ವ ಪಡೆದ ಊರಿನವರು ಕಳಿಸುತ್ತೇವೆ ಅಂದರೆ ವಿದೇಶಿ ದೇಣಿಗೆಗೆ ಕಟ್ಟುಪಾಡು ಹಾಕುವ ಎಫ್‌ಸಿಆರ್‌ಎ ಕಾನೂನಿದೆ, ಆಡಿಟರ್ ಕೇಳದೆ ಒಂದು ಪೈಸೆ ಮುಟ್ಟಬೇಡಿ. ದಾನ ಬಿಟ್ಟರೆ ಇನ್ನೊಂದು ದಾರಿ ಜಾಹೀರಾತು. ಸಮುದಾಯ ಬಾನುಲಿಗೆ ತಾಸಿಗೆ 12 ನಿಮಿಷ ಜಾಹೀರಾತಿಗೆ ಅವಕಾಶ ಇದೆಯಲ್ಲ, ಅದನ್ನು ಕೇಳೋದಕ್ಕೆ ಗೊಬ್ಬರದಂಗಡಿಗೂ ಬಟ್ಟೆ ಅಂಗಡಿಗೂ ಕಾಲ್ನಡಿಗೆಯಲ್ಲೇ ಹೋಗಬೇಕು. ಫೇಸ್‌ಬುಕ್‌ನಿಂದ ಆಗುವುದಲ್ಲ.

ಕ್ಯೂಆರ್ ಬದಲಾದ ದಿನ ಒಂದು ಮೆಸೇಜ್ ಹಾಕಿ. ನನ್ನ 200 ರೂಪಾಯಿ ಇನ್ನೂ ನನ್ನ ಹತ್ತಿರವೇ ಇದೆ.

— ಸಂಪಾದಕ, ದಾವಣಗೆರೆ